ಮಸಿ ಬಳಿಸಿಕೊಳ್ಳಲು ಅಪಾಯಿಂಟ್‌ಮೆಂಟ್

ಹಿಂದೆ ಊರಲ್ಲಿ ಯಾರಾದರೂ ಮಾಡಬಾರದ್ದು ಮಾಡಿದರೆ ಮುಖಕ್ಕೆ ಮಸಿ ಬಳಿದು ಕತ್ತೆ ಮೇಲೆ ಕೂರಿಸುತ್ತಿದ್ದರು. ಪುಕ್ಕಟೆ. ಈಗ ಅದಕ್ಕೆ ಅಪಾಯಿಂಟ್‌ಮೆಂಟ್ ಬೇಕು, ಮುಂಗಡವನ್ನೂ ಕಟ್ಟಬೇಕು. ಹೆಸರು ಕಾರ್ಬನ್ ಪೀಲ್.

ಮದುವೆ ಗೊತ್ತಾದ ತಂಗಿ ಮಗಳ ಜೊತೆ ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಹುಡುಗಿ ಎಣ್ಣೆಗೆಂಪು, ಲಕ್ಷಣವಾಗಿದ್ದಾಳೆ. ಮುಖದ ತುಂಬ ಇದ್ದಿಲಿನಂಥ ಲೋಷನ್ ಮೆತ್ತಿದರು, ಕಣ್ಣು ಮುಚ್ಚಿಸಿದರು, ನನಗೂ ಒಂದು ಕನ್ನಡಕ ಕೊಟ್ಟು ಲೇಸರ್ ಹಿಡಿದರು. ಚಟಪಟ ಸದ್ದು, ಸಾಸಿವೆ ಸಿಡಿದ ಹಾಗೆ. ಹಿಂದೆಯೇ ಸುಟ್ಟ ವಾಸನೆ.

"ಮಾಮ, ಒಗ್ಗರಣೆ ಆಯ್ತಾ?" ಅಂದಳು, ಮಲಗಿದಲ್ಲಿಂದಲೇ.

ಕೌಂಟರಿನಲ್ಲಿ ಇನ್ನೊಂದು ಪ್ಯಾಕೇಜ್ ಇತ್ತು: ಐಪಿಎಲ್. ಕ್ರಿಕೆಟ್ಟಲ್ಲ, ಇಂಟೆನ್ಸ್ ಪಲ್ಸ್ಡ್ ಲೈಟ್. ಆ ದೀಪಕ್ಕಿರುವುದು ಒಂದೇ ಬುದ್ಧಿ, ಕಪ್ಪು ಕಂಡಲ್ಲಿ ಕಾಯಿಸುವುದು. ಬಿಳಿ ತೊಗಲಿನ ಮೇಲಿನ ಕಂದು ಚುಕ್ಕಿಯನ್ನು ಅದು ಸಲೀಸಾಗಿ ಹುಡುಕುತ್ತದೆ. ನಮ್ಮ ಮುಖದಲ್ಲಿ ಚುಕ್ಕಿ ಯಾವುದು, ಮುಖ ಯಾವುದು ಎಂದು ಪಾಪ ಅದಕ್ಕೆ ತಿಳಿಯಬೇಕಲ್ಲ! ಲೆಕ್ಕ ತಪ್ಪಿದರೆ ಬೊಬ್ಬೆ. ಮಾಗಿದ ಮೇಲೆ ಮೊದಲಿಗಿಂತ ಕಪ್ಪು ಕಲೆ. ಬಂಗು ಇದ್ದವರಿಗೆ ಅದು ಇನ್ನಷ್ಟು ಗಾಢವಾದೀತು.

1975ರಲ್ಲಿ ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್, ಬಿಸಿಲಿಗೆ ಯಾರ ಚರ್ಮ ಸುಡುತ್ತದೆ, ಯಾರದು ಕಂದುತ್ತದೆ ಎಂದು ವಿಂಗಡಿಸಿದ. ಈಗ ಅದರಲ್ಲಿ ಆರು ಮೆಟ್ಟಿಲು. ನಮ್ಮಲ್ಲಿ ಹೆಚ್ಚಿನವರು ನಾಲ್ಕು, ಐದರಲ್ಲಿ ನಿಲ್ಲುವವರು. ಅದೇ 1975ರಲ್ಲಿ ನಮ್ಮ ಮಾರುಕಟ್ಟೆಗೆ ಫೇರ್ ಅಂಡ್ ಲವ್ಲಿ ಬಂತು. ಆತ ಅಳೆದದ್ದು ಚರ್ಮ ಎಷ್ಟು ಬೆಳಕು ತಾಳೀತೆಂದು. ನಾವು ಅಳೆದದ್ದು ಎಂಥ ಗಂಡು ಸಿಕ್ಕೀತೆಂದು. 2020ರಲ್ಲಿ ಡಬ್ಬಿಯ ಮೇಲಿನ ಫೇರ್ ಅಳಿಸಿ ಗ್ಲೋ ಬರೆದರು. ಕ್ಲಿನಿಕ್ಕಿನವರೂ ಈಗ ಬಿಳುಪು ಎನ್ನುವುದಿಲ್ಲ, 'ಈವನ್ ಟೋನ್' ಎನ್ನುತ್ತಾರೆ. ವಧು-ವರ ಜಾಹೀರಾತಿನವರಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹೊರಡುವಾಗ ಒಂದು ಚೀಟಿ ಕೊಟ್ಟರು: ಬಿಸಿಲಿಗೆ ಹೋಗಬೇಡಿ. ದುಡ್ಡು ಕೊಟ್ಟ ಬೆಳಕು ಬೆಳಗುತ್ತದಂತೆ, ಪುಕ್ಕಟೆ ಬೆಳಕು ಕೆಡಿಸುತ್ತದಂತೆ.

ಕಲೆಗೆ ಮದ್ದು ಮಾಡಿಸಿಕೊಳ್ಳುವುದು ಬೇರೆ ಮಾತು. ಹುಟ್ಟಿದ ಬಣ್ಣವನ್ನು ಬದಲಿಸುವ ದೀಪ ಇನ್ನೂ ಬಂದಿಲ್ಲ. ಆದರೂ ಹೋಗುತ್ತೀರಾದರೆ, ಮಲಗುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಲೇಸರ್ ಹಿಡಿದಿರುವ ಕೈ ಚರ್ಮವೈದ್ಯರದೋ, ಹೋದ ವಾರದ ತನಕ ಹುಬ್ಬು ತೀಡುತ್ತಿದ್ದವರದೋ?