ಫಾರ್ವರ್ಡಪ್ಪನವರ ಸಂಶಯ ಬುದ್ಧಿ

ಪ್ರತಿ ಬಡಾವಣೆಯಲ್ಲೂ, ಪ್ರತಿ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲೂ ಒಬ್ಬರು ಫಾರ್ವರ್ಡಪ್ಪನವರು ಇದ್ದೇ ಇರುತ್ತಾರೆ. ಬೆಳಗಿನ ಐದಕ್ಕೇ ಕಾಫಿ ಲೋಟದ ಪಕ್ಕ ಗುಲಾಬಿ ಅರಳಿಸಿ ಶುಭೋದಯ ಹೇಳುತ್ತಾರೆ; ಆರರೊಳಗೆ ಹೃದಯಾಘಾತ, ಪ್ಲಾಸ್ಟಿಕ್ ಅಕ್ಕಿ, ಸೌರ ಬಿರುಗಾಳಿ ಮೂರರ ಬಗ್ಗೆಯೂ ನಮ್ಮನ್ನು ಎಚ್ಚರಿಸಿ ವಾಕಿಂಗ್‌ಗೆ ಹೊರಟಿರುತ್ತಾರೆ. 'ಪಾಪ, ಏನು ಹೇಳಿದರೂ ನಂಬಿಬಿಡುತ್ತಾರೆ' ಎಂದು ಮನೆಯ ಹುಡುಗರು ಮರುಗುವುದುಂಟು. ಆ ಮರುಕ ದಂಡ. ಅವರಷ್ಟು ಸಂಶಯದ ಮನುಷ್ಯ ಊರಲ್ಲಿ ಇನ್ನೊಬ್ಬರಿಲ್ಲ.

ಬೇಕಾದರೆ ಅವರು ಒಂದು ಥರ್ಟಿ ಫಾರ್ಟಿ ಸೈಟು ಕೊಳ್ಳುವುದನ್ನು ನೋಡಿ. ಬ್ರೋಕರ್ ಚಾಚಿದ ಜೆರಾಕ್ಸನ್ನು ಮುಟ್ಟುವುದೂ ಇಲ್ಲ, ಒರಿಜಿನಲ್ ತನ್ನಿ ಅನ್ನುತ್ತಾರೆ. ಮೂಲಪತ್ರ ಎಲ್ಲಿ, ಎ ಖಾತಾನೋ ಬಿ ಖಾತಾನೋ, ಕನ್ವರ್ಷನ್ ಆಗಿದೆಯೋ ಇಲ್ಲವೋ? ಜಾಗ ಯಾರ್ಯಾರ ಕೈ ದಾಟಿ ಬಂತೆಂದು ತೋರಿಸುವ 30 ವರ್ಷದ ಇಸಿ ತೆಗೆಸಿ, ನಡುವೆ ಒಂದು ವರ್ಷ ಬಿಟ್ಟುಹೋಗಿದ್ದರೆ ಆ ವರ್ಷ ಏನು ನಡೆಯಿತೆಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಮತ್ತೆ ಅಲೆಯುತ್ತಾರೆ. ವಕೀಲರು ಎಲ್ಲ ಸರಿಯಿದೆ ಎಂದ ಮೇಲೆ ಆ ವಕೀಲರು ಸರಿಯಿದ್ದಾರೆಯೇ ಎಂದು ಇನ್ನೊಬ್ಬ ವಕೀಲರನ್ನು ಕೇಳುತ್ತಾರೆ. ಕೊನೆಗೊಂದು ಸಂಜೆ ಒಬ್ಬರೇ ಹೋಗಿ, ಪಕ್ಕದ ಮನೆ ಗೇಟಿನ ಹತ್ತಿರ ನಿಂತು, 'ಏನ್ ಸ್ವಾಮಿ, ಈ ಜಾಗದ ಮೇಲೆ ಏನಾದ್ರೂ ತಕರಾರು ಇದ್ಯಾ?' ಎಂದು ವಿಚಾರಿಸುತ್ತಾರೆ. ಸುದ್ದಿಯ ಸಾಚಾತನ ನೋಡುವುದಕ್ಕೆ ಇದಕ್ಕಿಂತ ಹೆಚ್ಚಿನ ವಿದ್ಯೆಯೇನೂ ಬೇಕಿಲ್ಲ.

ಇದೇ ಮಹನೀಯರು, ದೀಪಾವಳಿಯ ರಾತ್ರಿ ನಾಸಾ ತೆಗೆದದ್ದೆಂದು ಬಣ್ಣಬಣ್ಣದ ಭಾರತದ ಚಿತ್ರ ಬಂದರೆ ಯಾವ ವರ್ಷದ ದೀಪಾವಳಿ ಎಂದೂ ಕೇಳುವುದಿಲ್ಲ. ಅದು ವರ್ಷಗಳು ಕಳೆದಂತೆ ಎಲ್ಲೆಲ್ಲಿ ದೀಪಗಳು ಹೆಚ್ಚಾದವೆಂದು ತೋರಿಸಲು 1992ರಿಂದ 2003ರವರೆಗಿನ ಉಪಗ್ರಹ ಚಿತ್ರಗಳನ್ನು ಕೂಡಿಸಿ ಬಣ್ಣ ಹಚ್ಚಿದ ನಕ್ಷೆ. ನಾಸಾ 2012ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಯುನೆಸ್ಕೋ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು 'ಕೆಲವೇ ನಿಮಿಷಗಳ ಹಿಂದೆ' ಘೋಷಿಸಿದ್ದು 2008ರ ಸುಮಾರಿಗೆ. ಆ ಕೆಲವು ನಿಮಿಷಗಳು ಇನ್ನೂ ಮುಗಿದಿಲ್ಲ. ಯುನೆಸ್ಕೋ ಅಂಥ ಸ್ಪರ್ಧೆಯನ್ನು ನಡೆಸಿಯೇ ಇಲ್ಲ ಎನ್ನುವುದು ಬೇರೆ ಮಾತು.

ಒಂದೇ ತಲೆಯಲ್ಲಿ ಈ ಎರಡು ಬುದ್ಧಿ ಹೇಗೆ? ಸೈಟು ತಂದವನು ಅಪರಿಚಿತ, ಸುದ್ದಿ ತಂದವರು ಷಡ್ಡಕ, ಅಷ್ಟೇ. 'ಕಳಿಸಿದೋರು ಯಾರು ಗೊತ್ತೇನ್ರೀ? ನಮ್ಮ ಷಡ್ಡಕ. ಇಸ್ರೋದಲ್ಲಿದ್ದೋರು' ಎಂಬಲ್ಲಿಗೆ ತನಿಖೆ ಮುಗಿಯುತ್ತದೆ. ಷಡ್ಡಕರು ಅಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ಅವರಿಗೆ ಅದು ಬಂದದ್ದು ಬೀಗರಿಂದ. ಬೀಗರಿಗೆ ಭಜನಾ ಮಂಡಳಿಯಿಂದ. ಎಲ್ಲರೂ ಸುಳ್ಳು ಹೇಳುವವರಲ್ಲ ಎಂಬುದು ನಿಜ. ಆದರೆ ಹತ್ತು ಜನ ಸಜ್ಜನರ ಕೈ ದಾಟಿ ಬಂದ ಮಾತ್ರಕ್ಕೆ ಇಲ್ಲದ ಮೂಲಪತ್ರ ಹುಟ್ಟಿಬಿಡುವುದಿಲ್ಲ.

ಪತ್ರಿಕೆ, ಟೀವಿಯವರೇನು ಸತ್ಯ ಹರಿಶ್ಚಂದ್ರರೇ ಎಂದು ಅವರು ಕೇಳಿಯೇ ಕೇಳುತ್ತಾರೆ. ಕೇಳತಕ್ಕದ್ದೇ. 2016ರಲ್ಲಿ ಎರಡು ಸಾವಿರದ ನೋಟಿನೊಳಗೆ ಚಿಪ್ ಇದೆ, ನೆಲದಡಿ 120 ಮೀಟರ್ ಹೂತರೂ ಉಪಗ್ರಹ ಪತ್ತೆ ಹಚ್ಚುತ್ತದೆ ಎಂದು ಟೀವಿಯಲ್ಲೇ ಗಂಭೀರವಾಗಿ ವಿವರಿಸಿದವರಿದ್ದರು. ಆದರೆ ಅವರಿಗೊಂದು ವಿಳಾಸವಿದೆ. ತಪ್ಪಾದರೆ ಗೇಲಿ ಮಾಡಬಹುದು, ನೋಟಿಸು ಕಳಿಸಬಹುದು, ಮರುದಿನ ತಿದ್ದುಪಡಿ ಕೇಳಬಹುದು. 'ಬಂದದ್ದು ಬಂದ ಹಾಗೆ ಕಳಿಸಿದ್ದೇನೆ' ಎಂಬ ಒಕ್ಕಣೆಗೆ ಯಾವ ನೋಟಿಸನ್ನು ಎಲ್ಲಿಗೆ ಅಂಟಿಸುವುದು?

ಇನ್ನೊಂದು ವಾದ ಇದಕ್ಕಿಂತ ಮುಗ್ಧ: 'ನಿಜವಾದ್ರೆ ನಾಲ್ಕು ಜನಕ್ಕೆ ಉಪಕಾರ, ಸುಳ್ಳಾದ್ರೆ ಗಂಟೇನು ಹೋಗುತ್ತೆ?' 2018ರಲ್ಲಿ ಮಕ್ಕಳ ಕಳ್ಳರ ವಿಡಿಯೋ ಹಂಚಿದವರೂ ಉಪಕಾರವೆಂದೇ ಹಂಚಿದರು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ತಯಾರಿಸಿದ ಚಿತ್ರ. ಬೈಕಿನಲ್ಲಿ ಬಂದವರು ಮಗುವನ್ನು ವಾಪಸು ಬಿಟ್ಟು ಫಲಕ ಹಿಡಿಯುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಅಂಥ ವದಂತಿಗಳಿಗೆ ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರು, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬರು ಗುಂಪಿನ ಕೈಯಲ್ಲಿ ಸತ್ತರು.

ಆ ಜುಲೈನಲ್ಲೇ ವಾಟ್ಸಾಪ್ ನಮ್ಮ ದೇಶದಲ್ಲಿ ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಲೇ ಫಾರ್ವರ್ಡ್ ಮಾಡದಂತೆ ಕಟ್ಟು ಹಾಕಿತು. ಬಹಳ ಕೈ ದಾಟಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದೆಂದು 2020ರ ಏಪ್ರಿಲ್‌ನಲ್ಲಿ ಇನ್ನಷ್ಟು ಬಿಗಿ ಮಾಡಿತು. ಅಂಥದ್ದರ ನೆತ್ತಿಯ ಮೇಲೆ ಜೋಡಿ ಬಾಣದ ಗುರುತನ್ನು ಅದಕ್ಕೂ ಮೊದಲೇ ಇಟ್ಟಿತ್ತು. ಸುದ್ದಿಗೆ ಇಸಿ ಅಂತ ಒಂದಿದ್ದರೆ ಅದು ಆ ಬಾಣವೇ. ಫಾರ್ವರ್ಡಪ್ಪನವರಿಗೆ ಇದೇನೂ ತೊಡಕಾಗಲಿಲ್ಲ. ಮೊಮ್ಮಗಳಿಂದ ಕಾಪಿ ಪೇಸ್ಟ್ ಕಲಿತರು. ಈಗ ಬಾಣವೂ ಇಲ್ಲ, ಮಿತಿಯೂ ಇಲ್ಲ. ಸಂದೇಶ ನೇರ ಅವರೇ ಬರೆದಂತೆ ಬರುತ್ತದೆ, 'ತುಂಬಾ ಚೆನ್ನಾಗಿ ಬರೆದಿದ್ದೀರಿ ಸಾರ್' ಎಂಬ ಪ್ರಶಂಸೆಗೆ ಅವರು ಕೈಮುಗಿದ ಚಿತ್ರವನ್ನೂ ಹಾಕುತ್ತಾರೆ.