ಸಮೀಕ್ಷಾ ನಮೂನೆಯ ಮಹನೀಯರಿಗೊಂದು ಬಹಿರಂಗ ಅರಿಕೆ

ಇವರಿಗೆ,
ತಮ್ಮ ವೆಬ್ ಅಪ್ಲಿಕೇಶನ್‌ಗೆ ಸಮೀಕ್ಷಾ ನಮೂನೆಯೊಂದನ್ನು ಸೇರಿಸಲು ನಿರ್ಧರಿಸಿರುವ ಸಮಸ್ತ ಪ್ರಾಡಕ್ಟ್ ಮ್ಯಾನೇಜರ್ ಮಹನೀಯರಿಗೆ.

ವಿಷಯ: ಬಳಕೆದಾರರ ಅಭಿಪ್ರಾಯವನ್ನು ಅದು ಹುಟ್ಟುವ ಮುನ್ನವೇ ಸಂಗ್ರಹಿಸುತ್ತಿರುವ ಬಗ್ಗೆ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಮಹನೀಯರ ಅವಗಾಹನೆಗೆ ತರುವುದೇನೆಂದರೆ, ಬ್ರೌಸರಿನಲ್ಲಿಯೇ ತೆರೆದು ಕೆಲಸ ಮುಗಿಸಿಕೊಳ್ಳಬಹುದಾದ ತಂತ್ರಾಂಶಕ್ಕೆ, ಅಂದರೆ ವೆಬ್ ಅಪ್ಲಿಕೇಶನ್‌ಗೆ, ಸಮೀಕ್ಷಾ ನಮೂನೆಯನ್ನು ಜೋಡಿಸುವುದು ತಾಂತ್ರಿಕವಾಗಿ ಬಹಳ ಸುಲಭದ ಕೆಲಸವಾಗಿದ್ದು, ಆ ಸುಲಭತೆಯೇ ಅದಕ್ಕಿರುವ ಏಕೈಕ ಸಮರ್ಥನೆಯೂ ಆಗಿರುವಂತೆ ತೋರುತ್ತದೆ. ಒಂದಿಷ್ಟು ಪ್ರಶ್ನೆ, ಪ್ರತಿ ಪ್ರಶ್ನೆಯ ಕೆಳಗೆ ಐದು ಆಯ್ಕೆ, ಕೊನೆಯಲ್ಲಿ ‘ಸಲ್ಲಿಸಿ’ ಎಂಬ ಬಟನ್, ಉತ್ತರಗಳು ಹೋಗಿ ಬೀಳಲು ಡೇಟಾಬೇಸಿನಲ್ಲೊಂದು ಕೋಷ್ಟಕ, ಇಷ್ಟಾದರೆ ನಮೂನೆ ಸಿದ್ಧ. ಅದು ಯಾವಾಗ ಕಾಣಿಸಿಕೊಳ್ಳಬೇಕೆಂಬುದು ಮಾತ್ರ ತುಸು ಯೋಚನೆಯನ್ನು ಬೇಡುತ್ತದೆ. ಬಳಕೆದಾರನ ಕೆಲಸ ಮುಗಿದ ಮೇಲೆ ಕೇಳಬೇಕೆಂದರೆ ಅವನು ಬಂದ ಕೆಲಸ ಯಾವುದೆಂದು ಮಹನೀಯರಿಗೆ ತಿಳಿದಿರಬೇಕಾಗುತ್ತದೆ, ಪುಟ ತೆರೆದ ಹತ್ತು ಸೆಕೆಂಡಿಗೆ ಕೇಳಬೇಕೆಂದರೆ ಒಂದು ಸಾಲಿನ ಕೋಡ್ ಸಾಕಾಗುತ್ತದೆ. ಈ ಕಾರಣದಿಂದಲೇ ಪಾಪ್-ಅಪ್, ಅಂದರೆ ಪುಟದ ಮೇಲೆ ತಾನಾಗಿ ಎದ್ದು ನಿಲ್ಲುವ ಪೆಟ್ಟಿಗೆಯು, ಕರೆಂಟ್ ಬಿಲ್ಲು ಕಟ್ಟಲು ಬಂದವನು ಒಟಿಪಿಯನ್ನು ಇನ್ನೇನು ತುಂಬಬೇಕು ಎನ್ನುವಾಗ ಆ ಚೌಕದ ಮೇಲೆಯೇ ಬಂದು ಕುಳಿತು, ‘ನಿಮ್ಮ ಅನುಭವ ಹೇಗಿತ್ತು?’ ಎಂದು ವಿಚಾರಿಸುತ್ತದೆ ಮತ್ತು ಒಟಿಪಿಯ ಅವಧಿ ತೀರುವವರೆಗೂ ವಿಚಾರಿಸುತ್ತಲೇ ಇರುತ್ತದೆ. ಪಂಕ್ತಿಯಲ್ಲಿ ಎಲೆಯ ತುದಿಗೆ ಉಪ್ಪು ಬಡಿಸುವಷ್ಟರಲ್ಲಿಯೇ ಹೋಳಿಗೆ ಹೇಗಿತ್ತೆಂದು ಕೇಳುವ ಯಜಮಾನನೊಬ್ಬನಿದ್ದರೆ ಮಹನೀಯರು ಅವನಿಗೆ ಕೂಡಲೇ ಕೆಲಸ ಕೊಡುವುದರಲ್ಲಿ ಸಂಶಯವಿಲ್ಲ.

ಐದು ಹಂತಗಳ ಉತ್ತರಕ್ಕೆ ಗೌರವಾನ್ವಿತ ವಂಶಾವಳಿಯೇ ಇದೆ. ಅಮೆರಿಕದ ಮನೋವಿಜ್ಞಾನಿ ರೆನ್ಸಿಸ್ ಲಿಕರ್ಟ್ ಅವರು 1932ರಲ್ಲಿ ಪ್ರಕಟಿಸಿದ, ಮನೋಭಾವಗಳನ್ನು ಅಳೆಯುವ ಕ್ರಮವನ್ನು ಕುರಿತ ಪ್ರಬಂಧದಲ್ಲಿ, ಒಂದೇ ವಿಷಯದ ಮೇಲೆ ಹಲವು ಹೇಳಿಕೆಗಳನ್ನು ಮುಂದಿಟ್ಟು, ಪೂರ್ಣ ಸಮ್ಮತಿಯಿಂದ ಪೂರ್ಣ ಅಸಮ್ಮತಿಯವರೆಗಿನ ಉತ್ತರಗಳನ್ನೆಲ್ಲ ಕೂಡಿಸಿ ನೋಡುವ ವಿಧಾನವಿದೆ. ಓದದೆಯೇ ಒಂದೇ ಕಡೆಗೆ ಗುರುತು ಹಾಕುತ್ತಾ ಹೋಗುವ ಅಭ್ಯಾಸವನ್ನು ತಡೆಯಲು ಸುಮಾರು ಅರ್ಧದಷ್ಟು ಹೇಳಿಕೆಗಳನ್ನು ವಿರುದ್ಧ ದಿಕ್ಕಿನಲ್ಲಿ ಬರೆಯಬೇಕೆಂಬ ಸಲಹೆಯೂ ಅಲ್ಲಿದೆ. ಮಹನೀಯರು ಈ ವಿಧಾನದಿಂದ ಐದು ಚೌಕಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಕೈಬಿಟ್ಟಿದ್ದಾರೆ. ‘ನಮ್ಮ ಹೊಸ, ಸರಳ ವಿನ್ಯಾಸ ನಿಮಗೆ ಎಷ್ಟು ಇಷ್ಟವಾಯಿತು?’ ಎಂಬ ಪ್ರಶ್ನೆಯಲ್ಲಿ ವಿನ್ಯಾಸ ಸರಳವೆಂಬುದೂ ಅದು ಇಷ್ಟವಾಯಿತೆಂಬುದೂ ಮೊದಲೇ ಇತ್ಯರ್ಥವಾಗಿರುವುದರಿಂದ, ಬಳಕೆದಾರನ ಪಾಲಿಗೆ ಉಳಿಯುವುದು ಪ್ರಮಾಣವನ್ನು ನಮೂದಿಸುವ ಗುಮಾಸ್ತಿಕೆಯಷ್ಟೆ.

ಇದಕ್ಕಿಂತಲೂ ಮನೋಹರವಾದ ಆವಿಷ್ಕಾರವೆಂದರೆ ನೆಟ್ ಪ್ರಮೋಟರ್ ಸ್ಕೋರ್. ಫ್ರೆಡ್ ರೈಕ್‌ಹೆಲ್ಡ್ ಅವರು 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯ ಲೇಖನವೊಂದರಲ್ಲಿ ಮಂಡಿಸಿದ ಈ ಮಾಪನವು, ಈ ಸೇವೆಯನ್ನು ಸ್ನೇಹಿತರಿಗೆ ಶಿಫಾರಸು ಮಾಡುವ ಸಾಧ್ಯತೆ ಎಷ್ಟೆಂದು 0ಯಿಂದ 10ರವರೆಗಿನ ಅಂಕಗಳಲ್ಲಿ ಕೇಳಿ, 9 ಅಥವಾ 10 ಕೊಟ್ಟವರನ್ನು ಪ್ರಚಾರಕರೆಂದೂ 7 ಅಥವಾ 8 ಕೊಟ್ಟವರನ್ನು ತಟಸ್ಥರೆಂದೂ 6 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರೆಲ್ಲರನ್ನೂ ನಿಂದಕರೆಂದೂ ವಿಂಗಡಿಸುತ್ತದೆ; ಪ್ರಚಾರಕರ ಶೇಕಡಾವಾರಿನಿಂದ ನಿಂದಕರ ಶೇಕಡಾವಾರನ್ನು ಕಳೆದಾಗ ಉಳಿಯುವುದೇ ಅಂಕ. ನೂರಕ್ಕೆ ಅರವತ್ತು ಬಂದರೆ ಪ್ರಥಮ ದರ್ಜೆ ಎಂದು ಊರಿಗೆಲ್ಲ ಪೇಡೆ ಹಂಚುವ ಕರ್ನಾಟಕದ ಬಳಕೆದಾರನು, ತೃಪ್ತನಾಗಿ, ಅದೇ ಉದಾರ ಮನಸ್ಸಿನಿಂದ ಹತ್ತಕ್ಕೆ ಆರು ಕೊಟ್ಟು ಹೋದರೆ, ಮಹನೀಯರ ದಾಖಲೆಯಲ್ಲಿ ಅವನು ನಿಂದಕನಾಗಿ ಶಾಶ್ವತವಾಗಿ ಉಳಿದುಬಿಡುತ್ತಾನೆ. ನೂರು ಮಂದಿಯೂ 6 ಕೊಟ್ಟರೆ ಬರುವ ಋಣ 100 ಅಂಕವೇ ನೂರು ಮಂದಿಯೂ 0 ಕೊಟ್ಟಾಗಲೂ ಬರುತ್ತದೆ. ಎಲ್ಲರೂ 8 ಕೊಟ್ಟು ಸಂತೋಷದಿಂದಿರುವ ಸೇವೆಗೂ, ಅರ್ಧ ಜನ 10 ಕೊಟ್ಟು ಇನ್ನರ್ಧ ಜನ 0 ಕೊಟ್ಟು ಶಪಿಸುತ್ತಿರುವ ಸೇವೆಗೂ ಸಿಗುವುದು ಒಂದೇ ಸೊನ್ನೆ. ಸುಖದುಃಖಗಳನ್ನು ಸಮನಾಗಿ ಕಾಣುವ ಈ ಸ್ಥಿತಪ್ರಜ್ಞತೆ ವೇದಾಂತಿಗಳಿಗೆ ಶೋಭಿಸುತ್ತದೆ, ಆದರೆ ಬಿಲ್ಲು ಕಟ್ಟುವ ಪುಟದ ಯಾವ ಬಟನ್ ಕೆಟ್ಟಿದೆ ಎಂಬುದನ್ನು ಅದು ಹೇಳಲಾರದು.

ಪ್ರಶ್ನೆಗಳಿಗೆ ಮುನ್ನ ಹೆಸರಿನ ಚೌಕವಿರುತ್ತದೆ ಮತ್ತು ಕನ್ನಡಿಗರ ಮಟ್ಟಿಗೆ ನಿಜವಾದ ಸಮೀಕ್ಷೆ ನಡೆಯುವುದು ಅಲ್ಲಿಯೇ. ಕೊನೆಯ ಹೆಸರು ಕಡ್ಡಾಯವೆಂದು ಕೆಂಪು ನಕ್ಷತ್ರವು ಎಚ್ಚರಿಸುತ್ತದೆ. ಮನೆತನದ ಹೆಸರಿನ ಬದಲು ಊರಿನ ಅಥವಾ ತಂದೆಯ ಹೆಸರಿನ ಇನಿಷಿಯಲ್ಲನ್ನು ಹೊತ್ತ ಲಕ್ಷಾಂತರ ಜನರು ‘ಕೆ’ ಎಂಬ ಒಂದಕ್ಷರವನ್ನು ತುಂಬಿದರೆ, ಕನಿಷ್ಠ ಎರಡು ಅಕ್ಷರಗಳಿರಬೇಕೆಂದು ನಮೂನೆಯು ಮುಖ ತಿರುಗಿಸುತ್ತದೆ. ಹೆಸರನ್ನು ಕನ್ನಡದಲ್ಲಿ ಬರೆದವನ ಗತಿ ಬೇರೆ. ತುಂಬಿದ ಅಕ್ಷರಗಳು ನಿಗದಿತ ಮಾದರಿಗೆ ಹೊಂದುತ್ತವೆಯೇ ಎಂದು ಪರೀಕ್ಷಿಸುವ ಸೂತ್ರಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಹೆಸರು; ಅದನ್ನು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆ ಸೀಮಿತಗೊಳಿಸಿ ಬರೆಯುವುದು ವಾಡಿಕೆ. ಯಾರೋ ದೂರಿದ ಮೇಲೆ ಮಹನೀಯರು ಹೃದಯ ವೈಶಾಲ್ಯದಿಂದ ‘ಯಾವುದೇ ಭಾಷೆಯ ಅಕ್ಷರ’ ಎಂದು ಸೂತ್ರವನ್ನು ತಿದ್ದಿಸಿದರೂ ತೊಡಕು ಮುಗಿಯುವುದಿಲ್ಲ, ಏಕೆಂದರೆ ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಸಂಖ್ಯೆ ನೀಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ಕಾಗುಣಿತದ ಚಿಹ್ನೆಗಳು, ಅನುಸ್ವಾರ ಮತ್ತು ಒತ್ತಕ್ಷರವನ್ನು ಕೂಡಿಸುವ ಹಲಂತ ಚಿಹ್ನೆ ‘ಅಕ್ಷರ’ ವರ್ಗಕ್ಕೆ ಸೇರದೆ ‘ಗುರುತು’ ಎಂಬ ಪ್ರತ್ಯೇಕ ವರ್ಗಕ್ಕೆ ಸೇರಿವೆ. ಪರಿಣಾಮವಾಗಿ ಭರತ, ಕಮಲ ಮತ್ತು ರಮಣ ಎಂಬುವರು ಒಳಗೆ ಹೋಗುತ್ತಾರೆ. ಭಾರತಿ, ಕಮಲಾ ಮತ್ತು ಕೃಷ್ಣ ಎಂಬುವರು ‘ದಯವಿಟ್ಟು ಸರಿಯಾದ ಹೆಸರನ್ನು ನಮೂದಿಸಿ’ ಎಂಬ ಸಂದೇಶದೊಂದಿಗೆ ಬಾಗಿಲಲ್ಲೇ ನಿಲ್ಲುತ್ತಾರೆ. ತಲೆಕಟ್ಟನ್ನು ಬಿಟ್ಟು ಬೇರೇನನ್ನೂ ಧರಿಸದವರಿಗೆ ಮಾತ್ರ ಪ್ರವೇಶ ಕೊಡುವ ಇಂತಹ ಶಿಸ್ತು ಕಾಗುಣಿತವನ್ನು ದ್ವೇಷಿಸುವ ಒಂದನೇ ತರಗತಿಯ ಮಕ್ಕಳಿಗೆ ಬಹಳ ಹಿಡಿಸೀತು.

ಹೀಗೆ ಸೋಸಿ ಉಳಿದವರ ಉತ್ತರಗಳಿಂದ ‘ಬಳಕೆದಾರರು ಸಂತುಷ್ಟರಾಗಿದ್ದಾರೆ’ ಎಂಬ ವರದಿ ಹೊರಬೀಳುತ್ತದೆ. ಬೇಸತ್ತು ಬಿಟ್ಟುಹೋದವರು ನಮೂನೆಯನ್ನು ನೋಡುವುದೇ ಇಲ್ಲವಾದ್ದರಿಂದ ಅವರ ಅತೃಪ್ತಿ ವರದಿಯನ್ನು ಕೆಡಿಸುವ ಭಯವೂ ಇರುವುದಿಲ್ಲ. ಹೀಗೆಯೇ ಸೋಸಿದ ಉತ್ತರಗಳನ್ನು ನಂಬಿದ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆಯು 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ, ಬಹುಪಾಲು ದೂರವಾಣಿ ಮತ್ತು ಮೋಟಾರು ವಾಹನಗಳ ಪಟ್ಟಿಗಳಿಂದ ಆಯ್ದ ಸುಮಾರು ಒಂದು ಕೋಟಿ ಜನರಿಗೆ ಮತಪತ್ರ ಕಳುಹಿಸಿ, ಮರಳಿ ಬಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳ ಆಧಾರದ ಮೇಲೆ ಅಭ್ಯರ್ಥಿ ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಅವರ ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಪತ್ರಿಕೆ 1938ರಲ್ಲಿ ನಿಂತುಹೋಯಿತು. ಮಹನೀಯರಿಗಿರುವ ಅನುಕೂಲವೆಂದರೆ ಅವರ ವರದಿಯನ್ನು ಸುಳ್ಳಾಗಿಸಲು ಯಾವ ಮತ ಎಣಿಕೆಯೂ ಬರುವುದಿಲ್ಲ.

ಕಾನೂನಿನ ಮಾತನ್ನೂ ಇಲ್ಲಿ ಎತ್ತಬೇಕಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ಷರತ್ತಿಲ್ಲದ್ದೂ ಆಗಿರಬೇಕೆಂದೂ, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕೆಂದೂ, ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಅವಕಾಶವಿರಬೇಕೆಂದೂ ಹೇಳುತ್ತದೆ; ಆ ಅನುಸೂಚಿಯಲ್ಲಿ ಕನ್ನಡವೂ ಇದೆ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಯು ಡಾರ್ಕ್ ಪ್ಯಾಟರ್ನ್, ಅಂದರೆ ಬಳಕೆದಾರನನ್ನು ಅವನ ಇಚ್ಛೆಗೆ ವಿರುದ್ಧವಾಗಿ ದಾರಿ ತಪ್ಪಿಸುವ ವಿನ್ಯಾಸಗಳ ಹದಿಮೂರು ಬಗೆಗಳನ್ನು ಪಟ್ಟಿಮಾಡಿದ್ದು, ಬೆನ್ನು ಬಿಡದೆ ಪೀಡಿಸುವುದೂ, ಬೇಡವೆನ್ನುವವನಿಗೆ ನಾಚಿಕೆಯಾಗುವಂತೆ ಮಾತು ಹೆಣೆಯುವುದೂ ಅದರಲ್ಲಿ ಸೇರಿವೆ. ‘ಆಮೇಲೆ ಕೇಳಿ’ ಎಂಬ ಬಟನ್ ಇದ್ದು ‘ಕೇಳಲೇಬೇಡಿ’ ಎಂಬುದು ಇಲ್ಲದಿರುವುದು, ತಿರಸ್ಕರಿಸುವ ಬಟನ್ ಮೇಲೆ ‘ಬೇಡ, ಸೇವೆ ಸುಧಾರಿಸುವುದು ಬೇಕಿಲ್ಲ’ ಎಂದು ಬರೆದಿರುವುದು, ಇವೆಲ್ಲ ಆ ಪಟ್ಟಿಯನ್ನು ನಿಷೇಧವೆಂದು ತಿಳಿಯದೆ ಪಠ್ಯಕ್ರಮವೆಂದು ತಿಳಿದು ಅಭ್ಯಾಸ ಮಾಡಿದ್ದರ ಫಲವಿರಬೇಕು.

ನಮೂನೆಯ ತಳದಲ್ಲಿ ಮಾತ್ರ ‘ಬೇರೇನಾದರೂ ಹೇಳುವುದಿದೆಯೇ?’ ಎಂಬ ಖಾಲಿ ಚೌಕವೊಂದಿರುತ್ತದೆ. ಕೆಟ್ಟ ಬಟನ್ ಯಾವುದು, ಹಣ ಕಡಿತವಾಗಿಯೂ ರಸೀದಿ ಬಾರದಿರುವುದು ಯಾವ ಹಂತದಲ್ಲಿ ಎಂಬ ವಿವರಗಳು ಇಡೀ ಅಪ್ಲಿಕೇಶನ್‌ನಲ್ಲಿ ಸಿಗಬಹುದಾದ ಜಾಗ ಅದೊಂದೇ, ಮತ್ತು ಅದನ್ನು ಓದಲು ಮನುಷ್ಯನೇ ಬೇಕಾಗಿರುವುದರಿಂದ ಅದನ್ನು ಯಾರೂ ಓದುವುದಿಲ್ಲ. ಅಂಕಗಳು ನಕ್ಷೆಯಾಗಿ ಸಭೆಗೆ ಹೋಗುತ್ತವೆ, ವಾಕ್ಯಗಳು ಕೋಷ್ಟಕದಲ್ಲಿಯೇ ಉಳಿಯುತ್ತವೆ. ಆದಕಾರಣ ಮಹನೀಯರು ಬಳಕೆದಾರನ ಮುಂದಿಡುವ ನಮೂನೆಗೆ ಮುನ್ನ ತಮ್ಮ ಕಚೇರಿಗೊಂದು ನಮೂನೆಯನ್ನು ಸಿದ್ಧಪಡಿಸಿ, ಆ ಖಾಲಿ ಚೌಕದ ಉತ್ತರಗಳನ್ನು ಪ್ರತಿ ವಾರ ಓದುವ ನೌಕರರ ಹೆಸರನ್ನು ಅದರಲ್ಲಿ ಕಡ್ಡಾಯಗೊಳಿಸಿ, ಅದು ಭರ್ತಿಯಾಗದ ಹೊರತು ಪಾಪ್-ಅಪ್ ಏಳದಂತೆ ಕ್ರಮ ಕೈಗೊಳ್ಳಬೇಕೆಂದು ಕೋರಲಾಗಿದೆ. ಓದುವವರು ಕೃಷ್ಣ ಎಂಬುವರಾಗಿದ್ದರೆ ಸೂತ್ರವನ್ನು ತಿದ್ದುವುದು ಅನಿವಾರ್ಯವಾದೀತು.

ಇಂತಿ,
ಬಳಕೆದಾರ ವರ್ಗ
(ಮೊದಲ ಹೆಸರು: ಬಳಕೆದಾರ. ಕೊನೆಯ ಹೆಸರು: ವರ್ಗ.)