ಕೃತಿವಿಪಾಕ ಮೀಮಾಂಸೆ: ಪಾಳುಬಿದ್ದ ಕಥಾಲೋಕಗಳನ್ನು ಕುರಿತು

ಮನುಷ್ಯನಿಗೆ ಪೂರ್ವಜನ್ಮದ ಕರ್ಮ ಹೇಗೆ ಅಂಟುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಬಹಳ ಹಿಂದೆಯೇ ಇತ್ಯರ್ಥ ಮಾಡಿದ್ದಾರೆ. ಥೀಮ್ ಪಾರ್ಕುಗಳ ಪೂರ್ವಜನ್ಮದ ವಿಚಾರದಲ್ಲಿ ಮಾತ್ರ ಅವರು ಮೌನವಾಗಿದ್ದಾರೆ. ಈ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ವಿನಮ್ರ ಉದ್ದೇಶ. ಕಾದಂಬರಿಯ, ಕಾಮಿಕ್ಸಿನ, ಮಕ್ಕಳ ಕಥೆಯ ಲೋಕವನ್ನು ಸಿಮೆಂಟಿನಲ್ಲಿ ಎಬ್ಬಿಸಿ, ಹೆಬ್ಬಾಗಿಲಲ್ಲಿ ಟಿಕೆಟ್ ಹರಿದು, ಕೆಲವೇ ವರ್ಷಗಳಲ್ಲಿ ಬೀಗ ಹಾಕಿಸಿಕೊಂಡ ಉದ್ಯಾನಗಳು ಲೋಕದಲ್ಲಿ ಸಾಕಷ್ಟಿವೆ. ಅವು ಮುಚ್ಚಿದಾಗಲೆಲ್ಲ ಸಾಲ, ಬಡ್ಡಿ, ಹವಾಮಾನ ಎಂದು ಕಾರಣ ಹೇಳುವುದು ವಾಡಿಕೆ. ನಮ್ಮ ಪ್ರತಿಜ್ಞೆ ಬೇರೆ. ಇಂಥ ಉದ್ಯಾನ ಸಾಯುವುದು ಅದರ ಮೂಲಕೃತಿಯಲ್ಲಿ ಮೊದಲೇ ಬರೆದಿಟ್ಟ ರೀತಿಯಲ್ಲಿ. ಕಟ್ಟಿದವರು ಮುಖಪುಟ ನೋಡಿ ಕಟ್ಟುತ್ತಾರೆ. ಒಳಪುಟಗಳು ತಮ್ಮ ಸರದಿಗೆ ಕಾಯುತ್ತಿರುತ್ತವೆ. ಈ ತತ್ತ್ವವನ್ನು ಕೃತಿವಿಪಾಕ ಎಂದು ಕರೆಯೋಣ. ಸಂಸ್ಕೃತದಲ್ಲಿ ಹೆಸರಿಟ್ಟರೆ ಎದುರುವಾದಿಗಳು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ ಎಂಬುದು ವಿದ್ವತ್ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಮೊದಲ ಪ್ರಮಾಣ ಜಪಾನಿನದು. ಫುಜಿ ಪರ್ವತದ ಬುಡದ ಕಮಿಕುಇಶಿಕಿ ಎಂಬ ಹಳ್ಳಿಯಲ್ಲಿ 1997ರಲ್ಲಿ ‘ಗಲಿವರ್ಸ್ ಕಿಂಗ್‌ಡಮ್’ ತೆರೆಯಿತು. 1995ರಲ್ಲಿ ಟೋಕಿಯೊದ ಸುರಂಗ ರೈಲಿನಲ್ಲಿ ವಿಷಾನಿಲ ಬಿಟ್ಟ ಓಮ್ ಶಿನ್ರಿಕ್ಯೊ ಪಂಥದ ನೆಲೆಯಿದ್ದದ್ದು ಇದೇ ಹಳ್ಳಿಯಲ್ಲಿ. ಹತ್ತಿರದಲ್ಲೇ ಆತ್ಮಹತ್ಯೆಗಳಿಗೆ ಕುಖ್ಯಾತವಾದ ಅಓಕಿಗಹರಾ ಕಾಡು. ವಾಸ್ತು ಪಂಡಿತರಿಗೆ ಇಷ್ಟೇ ಸಾಕು, ಇಲ್ಲಿಗೇ ದಕ್ಷಿಣೆ ಪಡೆದು ಏಳುತ್ತಾರೆ. ನಾವು ಪುಸ್ತಕ ತೆರೆಯೋಣ. ಉದ್ಯಾನದ ನಡುವೆ 45 ಮೀಟರ್ ಉದ್ದದ ಗಲಿವರ್ ನೆಲಕ್ಕೆ ಬಿಗಿಸಿಕೊಂಡು ಅಂಗಾತ ಮಲಗಿದ್ದ. 1726ರಲ್ಲಿ ಜೊನಾಥನ್ ಸ್ವಿಫ್ಟ್ ಬರೆದ ಕೃತಿಯಲ್ಲಿ ಇವನಿಗೆ 1,700ಕ್ಕೂ ಹೆಚ್ಚು ಲಿಲಿಪುಟ್ಟಿಗರ ಊಟವನ್ನು ದಿನವೂ ಬಡಿಸಬೇಕು. ಕಡೆಗೆ ಅಲ್ಲಿನ ಖಜಾಂಚಿ ಫ್ಲಿಮ್‌ನ್ಯಾಪ್ ಮಹಾರಾಜನ ಬಳಿ ಹೋಗಿ, ಈ ಮನುಷ್ಯನಿಂದ ಬೊಕ್ಕಸ ಬರಿದಾಗುತ್ತಿದೆ, ಆದಷ್ಟು ಬೇಗ ಸಾಗಹಾಕಿ ಎಂದು ಲೆಕ್ಕ ಒಪ್ಪಿಸುತ್ತಾನೆ. ಜಪಾನಿನಲ್ಲಿ ಈ ಪಾತ್ರ ವಹಿಸಿದ್ದು ಉದ್ಯಾನಕ್ಕೆ ಸಾಲ ಕೊಟ್ಟಿದ್ದ ನೀಗಾತಾ ಚುಓ ಬ್ಯಾಂಕು. 1999ರಲ್ಲಿ ಅದು ಕುಸಿಯಿತು, 2001ರಲ್ಲಿ ಉದ್ಯಾನ ಮುಚ್ಚಿತು. ಸ್ವಿಫ್ಟನ ಲಿಲಿಪುಟ್ಟಿನ ಮಂತ್ರಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು: ಗಲಿವರನನ್ನು ಉಪವಾಸ ಕೆಡವಿ ಕೊಂದು, ಅಸ್ಥಿಪಂಜರವನ್ನು ಮುಂದಿನ ಪೀಳಿಗೆಗಳ ಬೆರಗಿಗಾಗಿ ಉಳಿಸಬೇಕೆಂಬ ಯೋಜನೆ ಅವರದು. ಪಾಳುಬಿದ್ದ ತಾಣಗಳ ಫೋಟೊ ತೆಗೆಯುವವರು ಮೈತುಂಬ ಗೀಚಿಸಿಕೊಂಡ ಆ ಗಲಿವರನನ್ನು ಕೆಡವುವ ತನಕ ಹುಡುಕಿಕೊಂಡು ಹೋದರು. ಹಾಗಾಗಿ ಆ ಯೋಜನೆಯೂ ಜಾರಿಗೆ ಬಂದಂತಾಯಿತು. ಇಷ್ಟಾದ ಮೇಲೂ ಸಂಶಯ ಉಳಿದವರು ಮೂರನೆಯ ಯಾನವನ್ನು ಓದಬೇಕು. ಅದರಲ್ಲಿ ಗಲಿವರ್ ಜಪಾನಿಗೇ ಬರುತ್ತಾನೆ. ಬಂದವನು ಮಾಡುವ ಮುಖ್ಯ ಕೆಲಸ, ಅಲ್ಲಿಂದ ಹಡಗು ಹತ್ತುವುದು.

ಎರಡನೆಯ ಪ್ರಮಾಣ ಅಮೆರಿಕದ್ದು. ಉತ್ತರ ಕ್ಯಾರೊಲೈನಾದ ಬೀಚ್ ಮೌಂಟನ್ ಬೆಟ್ಟದಲ್ಲಿ ಚಳಿಗಾಲಕ್ಕೆ ಸ್ಕೀ ಆಡುವವರು ಬರುತ್ತಿದ್ದರು, ಬೇಸಿಗೆಗೆ ಗಿರಾಕಿಗಳಿರಲಿಲ್ಲ. ಆ ಕೊರತೆ ನೀಗಿಸಲು 1970ರಲ್ಲಿ ‘ಲ್ಯಾಂಡ್ ಆಫ್ ಆಜ್’ ಹುಟ್ಟಿತು. ಕಥಾನಾಯಕಿ ಡೊರೊಥಿಯ ಮನೆ ಹೊಕ್ಕವರು ನೆಲಮಾಳಿಗೆಯಲ್ಲಿ ಸುಂಟರಗಾಳಿಗೆ ಸಿಕ್ಕಿ, ವಾಲಿದ ಮನೆಯಿಂದ ಹೊರಬಿದ್ದು, ಹಳದಿ ಇಟ್ಟಿಗೆಯ ದಾರಿ ಹಿಡಿದು ಪಚ್ಚೆನಗರಿಗೆ ನಡೆಯಬೇಕು. ಏರ್ಪಾಟು ಸೊಗಸಾಗಿಯೇ ಇತ್ತು, ಇದನ್ನು ನಿಷ್ಪಕ್ಷಪಾತವಾಗಿ ಒಪ್ಪಬೇಕು. ಆದರೆ ಇದರ ಮೂಲಕೃತಿಯಾದ, 1900ರಲ್ಲಿ ಬಂದ ಬಾಮನ ಪುಸ್ತಕದಲ್ಲಿ ಪಚ್ಚೆನಗರಿ ಅಷ್ಟೊಂದು ಹಸಿರಾಗಿ ಕಾಣುವುದು ಒಳಬಂದವರ ಕಣ್ಣಿಗೆಲ್ಲ ಹಸಿರು ಕನ್ನಡಕ ತೊಡಿಸಿ ಬೀಗ ಹಾಕಿರುವುದರಿಂದ. ಮಹಾಮಾಂತ್ರಿಕ ಪರದೆಯ ಹಿಂದಿನ ಒಬ್ಬ ಸಾಮಾನ್ಯ ಕಪಟಿ. ಗುಟ್ಟು ರಟ್ಟಾದ ಮೇಲೆ ಬಲೂನು ಹತ್ತಿ ಪರಾರಿ. ಉದ್ಯಾನದವರು ಆ ಬಲೂನನ್ನೂ ಬಿಡಲಿಲ್ಲ. ಸ್ಕೀ ಆಡುವವರನ್ನು ಮೇಲಕ್ಕೊಯ್ಯುವ ಲಿಫ್ಟಿಗೇ ಬಲೂನಿನ ವೇಷ ತೊಡಿಸಿ ಜನರನ್ನು ತೇಲಿಸಿದರು. ಕಪಟವನ್ನೇ ಕಥಾವಸ್ತುವಾಗಿ ಉಳ್ಳ ಕೃತಿಗೆ ಇದಕ್ಕಿಂತ ನಿಷ್ಠವಾದ ಭಾಷ್ಯ ಸಿಗಲಾರದು. 1975ರ ಕೊನೆಯಲ್ಲಿ ಪಚ್ಚೆನಗರಿಗೆ ಬೆಂಕಿ ಬಿತ್ತು. 1980ರಲ್ಲಿ ಬಾಗಿಲು ಮುಚ್ಚಿತು, ದಾರಿಯ ಇಟ್ಟಿಗೆಗಳನ್ನು ಜನ ಕಿತ್ತೊಯ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಕಥೆಯುದ್ದಕ್ಕೂ ನಾಯಕಿಯ ಒಂದೇ ಹಂಬಲವೆಂದರೆ ಇಲ್ಲಿಂದ ಹೊರಟು ಮನೆ ಸೇರುವುದು. ಇಂಥ ಲೋಕಕ್ಕೆ ಜನ ಮತ್ತೆ ಮತ್ತೆ ಟಿಕೆಟ್ ಕೊಂಡು ಬರುತ್ತಾರೆಂದು ನಂಬಿದವರ ಕಣ್ಣಿಗೂ ಯಾರೋ ಕನ್ನಡಕ ಹಾಕಿ ಬೀಗ ಜಡಿದಿರಬೇಕು.

ಉಳಿದವನ್ನು ಬೇಗ ನೋಡಬಹುದು. ಆರ್ಕನ್ಸಾದ ‘ಡಾಗ್‌ಪ್ಯಾಚ್ ಯುಎಸ್‌ಎ’ (1968–1993) ಆಲ್ ಕ್ಯಾಪ್ ಬರೆದ ‘ಲಿಲ್ ಆಬ್ನರ್’ ಕಾಮಿಕ್ಸಿನ ಕಡುಬಡ ಹಳ್ಳಿಯ ನಕಲು. ಆ ಹಳ್ಳಿಯ ಆರಾಧ್ಯಪುರುಷ ಜನರಲ್ ಕಾರ್ನ್‌ಪೋನ್ ಎಂಬ ಸೇನಾನಿ. ಸೋಲಿನಲ್ಲೂ ಪಲಾಯನದಲ್ಲೂ ಅವನನ್ನು ಮೀರಿಸಿದವರಿಲ್ಲ. ಬಂಡವಾಳ ಹೂಡಿದವರು ಉದ್ಯಾನದಲ್ಲಿ ಅವನ ಪ್ರತಿಮೆಯನ್ನೇ ನಿಲ್ಲಿಸಿದರು. ಪಕ್ಕದಲ್ಲಿ ಸ್ಕೀ ತಾಣವನ್ನೂ ತೆರೆದರು, ಚಳಿಗಾಲಗಳು ಬೆಚ್ಚಗಾದವು. ಕಾರ್ನ್‌ಪೋನನ ಯುದ್ಧನೀತಿಯೂ ಹೆಚ್ಚುಕಡಿಮೆ ಇದೇ. ಫ್ರಾನ್ಸಿನ ‘ಮಿರಾಪೊಲಿಸ್’ (1987–1991) ರಾಬೆಲೆಯ ಕಥೆಯ ದೈತ್ಯ ಗಾರ್ಗಾಂಟುವಾನನ್ನು ಮುಗಿಲೆತ್ತರಕ್ಕೆ ನಿಲ್ಲಿಸಿತು. ಹುಟ್ಟಿದಾಗಲೇ ಹಾಲಿಗೆ 17,913 ಹಸು ಬೇಕಾದ ಕೂಸನ್ನು ಟಿಕೆಟ್ ಹಣದಲ್ಲಿ ಸಾಕುತ್ತೇವೆಂದು ಹೊರಟವರ ಧೈರ್ಯ ದೊಡ್ಡದು. ಅದೇ ದೇಶದ ಲೊರೇನಿನಲ್ಲಿ, ಹಳೆಯ ಉಕ್ಕಿನ ಕಾರ್ಖಾನೆಯ ನೆಲದ ಮೇಲೆ 1989ರಲ್ಲಿ ಸ್ಮರ್ಫ್‌ಗಳ ಉದ್ಯಾನ ಎದ್ದಿತು. ದುಡ್ಡೆಂದರೇನೆಂದೇ ಅರಿಯದ ಆ ನೀಲಿ ಕುಳ್ಳರ ಊರನ್ನು ದುಡ್ಡಿಗಾಗಿ ನಡೆಸಲು ಹೋಗಿ, 1991ರ ಹೊತ್ತಿಗೆ ಒಡೆತನ ಬೇರೆಯವರ ಪಾಲಾಯಿತು. ಇಂಗ್ಲೆಂಡಿನ ಚ್ಯಾಟಮ್‌ನಲ್ಲಿ 2007ರಲ್ಲಿ 6 ಕೋಟಿ 20 ಲಕ್ಷ ಪೌಂಡ್ ಸುರಿದು ‘ಡಿಕೆನ್ಸ್ ವರ್ಲ್ಡ್’ ತೆರೆದರು. ಅಲ್ಲಿನ ದೋಣಿವಿಹಾರಕ್ಕೆ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಎಂದೇ ಹೆಸರು. ಯಾರದೋ ಹಣದಿಂದ ಮೇಲೇರಿದ ಹುಡುಗ ಎಲ್ಲವನ್ನೂ ಕಳೆದುಕೊಳ್ಳುವ ಕಥೆ ಅದು. 2016ರಲ್ಲಿ ಮುಚ್ಚಿತೆಂಬುದನ್ನು ಇಲ್ಲಿ ದಾಖಲೆಗಾಗಿ ಮಾತ್ರ ಹೇಳುತ್ತಿದ್ದೇವೆ.

ಈಗ ಪೂರ್ವಪಕ್ಷ. ಅರ್ಥಶಾಸ್ತ್ರದವರು ಏಳುತ್ತಾರೆ: ಆಜ್ ಉದ್ಯಾನದ ರೂವಾರಿ ಗ್ರೋವರ್ ರಾಬಿನ್ಸ್ ಉದ್ಘಾಟನೆಗೆ ಮೊದಲೇ ತೀರಿಕೊಂಡ, ಡಾಗ್‌ಪ್ಯಾಚಿಗೆ ಬಡ್ಡಿಯ ಹೊರೆ ಬಿತ್ತು, ಜಪಾನಿನಲ್ಲಿ ಬ್ಯಾಂಕು ಮುಳುಗಿತು, ಇಷ್ಟಿರುವಾಗ ಪುಸ್ತಕದ ಹಂಗೇಕೆ? ಉತ್ತರ: ಇವೆಲ್ಲ ನಿಮಿತ್ತಕಾರಣಗಳು. ಸಾವು ಬಡ್ಡಿಗಳು ಎಲ್ಲ ಉದ್ಯಮಕ್ಕೂ ಸಮಾನ. ಒಂದು ಉದ್ಯಾನ ಏಕೆ ಸತ್ತಿತು ಎಂಬುದಕ್ಕೆ ಅವು ಉತ್ತರ ಕೊಟ್ಟಾವು, ಇದೇ ರೀತಿಯಲ್ಲಿ ಏಕೆ ಸತ್ತಿತು ಎಂಬುದಕ್ಕೆ ಕೊಡಲಾರವು. ಎರಡನೆಯ ಆಕ್ಷೇಪ ಹೆಚ್ಚು ಮೊನಚಾದದ್ದು. ಯಾವ ಕಾದಂಬರಿಯಲ್ಲಾದರೂ ಒಂದು ಸೋಲು, ಒಂದು ಮೋಸ, ಒಂದು ಪಲಾಯನ ಇದ್ದೇ ಇರುತ್ತದೆ. ಹೆಣ ನೋಡಿದ ಮೇಲೆ ಜಾತಕ ಬರೆಯುವುದು ಯಾವ ಶಾಸ್ತ್ರ? ಈ ಆಕ್ಷೇಪಕ್ಕೆ ನಮ್ಮ ಪರಂಪರೆಯ ಎಷ್ಟೋ ಗೌರವಾನ್ವಿತ ಶಾಸ್ತ್ರಗಳೂ ಸಿಕ್ಕಿಬೀಳುತ್ತವೆ, ಆದ್ದರಿಂದ ಅದನ್ನು ಹೆಚ್ಚು ಎಳೆಯುವುದು ಯಾರಿಗೂ ಕ್ಷೇಮವಲ್ಲ. ಆದರೂ ಒಂದು ಮಾತು ಹೇಳಬೇಕು. ಇಲ್ಲಿ ಹೆಸರಿಸಿದ ಲೇಖಕರಲ್ಲಿ ಹೆಚ್ಚಿನವರು ದುರಾಸೆಯನ್ನೂ ಸೋಗನ್ನೂ ಗೇಲಿ ಮಾಡಲೆಂದೇ ತಮ್ಮ ಲೋಕಗಳನ್ನು ಕಟ್ಟಿದವರು. ಆ ಗೇಲಿಯನ್ನು ಅಡವಿಟ್ಟು ಸಾಲ ಎತ್ತಿದರೆ ಅದು ಸಾಲಗಾರನ ಕಡೆಗೆ ತಿರುಗುವುದು ಕಾಕತಾಳೀಯವಲ್ಲ.

ಬಾಳಿ ಬದುಕುತ್ತಿರುವ ಉದ್ಯಾನಗಳ ಗತಿ ಏನು ಎಂಬುದು ಮೂರನೆಯ ಆಕ್ಷೇಪ. ಅವೂ ಸಿದ್ಧಾಂತಕ್ಕೇ ಸಾಕ್ಷಿ ಹೇಳುತ್ತವೆ. ಟೂವೆ ಯಾನ್ಸನ್‌ಳ ಮೂಮಿನ್‌ಗಳು ಚಳಿಗಾಲವಿಡೀ ನಿದ್ದೆ ಹೋಗುವ ಜೀವಿಗಳು. ಫಿನ್ಲೆಂಡಿನ ನಾಂತಾಲಿಯಲ್ಲಿ 1993ರಿಂದ ನಡೆಯುತ್ತಿರುವ ಮೂಮಿನ್ ಲೋಕವೂ ಮುಖ್ಯವಾಗಿ ಬೇಸಿಗೆಯಲ್ಲಷ್ಟೇ ಬಾಗಿಲು ತೆರೆಯುತ್ತದೆ, ಹಿಮ ಬೀಳುವಾಗ ವ್ಯಾಪಾರ ಮಾಡುವ ಹುಚ್ಚಿಗೆ ಬೀಳುವುದಿಲ್ಲ. ಅವರ ಕಥೆಯಲ್ಲಿ ಧೂಮಕೇತುವೂ ಹತ್ತಿರ ಬಂದು ತಪ್ಪಿಹೋಗುತ್ತದೆ. ಸ್ವೀಡನ್ನಿನ ವಿಮ್ಮರ್ಬಿಯ ಆಸ್ಟ್ರಿಡ್ ಲಿಂಡ್‌ಗ್ರೆನ್ ಲೋಕ ಶುರುವಾದದ್ದು 1981ರಲ್ಲಿ, ಮೂರು ಕುಟುಂಬಗಳು ಸೇರಿ ಆಕೆಯ ಕಥೆಯ ಎಮಿಲ್‌ನ ಮನೆಯನ್ನು ಮೂರರಲ್ಲೊಂದು ಅಳತೆಯಲ್ಲಿ ಕಟ್ಟಿದಾಗ. ಆಕೆಯ ಪಿಪ್ಪಿಯ ಮನೆಯಲ್ಲಿ ಪೆಟ್ಟಿಗೆ ತುಂಬ ಚಿನ್ನದ ನಾಣ್ಯ. ಇಂಥ ನಾಯಕಿ ಮನೆಯಲ್ಲಿರುವಾಗ ಬ್ಯಾಂಕಿನವರು ನೋಟಿಸು ಹಿಡಿದು ಬರುವ ಮೊದಲು ಯೋಚಿಸುತ್ತಾರೆ.

ಸಿದ್ಧಾಂತವನ್ನು ಕರ್ನಾಟಕಕ್ಕೆ ಅನ್ವಯಿಸದೆ ಬಿಟ್ಟರೆ ಅವ್ಯಾಪ್ತಿ ದೋಷ ಬರುತ್ತದೆ. ಆರ್. ಕೆ. ನಾರಾಯಣ್ 1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ಬರೆಯಲು ಕೂತಾಗ ಅವರ ಕಲ್ಪನೆಯ ಊರಾದ ಮಾಲ್ಗುಡಿಯಲ್ಲಿ ಮೊದಲು ಮೂಡಿದ್ದು ರೈಲ್ವೆ ನಿಲ್ದಾಣ. ಶಂಕರ್‌ನಾಗ್ ಆಗುಂಬೆಯನ್ನು ಮಾಲ್ಗುಡಿ ಮಾಡಿ ಧಾರಾವಾಹಿ ತೆಗೆದರು. ಅದರ ನಿಲ್ದಾಣವಾಗಿದ್ದ ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ. ಒಂದು ಪುಟ್ಟ ಹಳೆಯ ಕಟ್ಟಡ, ಅಷ್ಟೆ. ಕೃತಿವಿಪಾಕದ ದೃಷ್ಟಿಯಿಂದ ಇದು ಅತ್ಯಂತ ಸುರಕ್ಷಿತ ಗಾತ್ರ. ನಾಳೆ ಯಾರಾದರೂ ನೂರು ಎಕರೆ ಹಿಡಿದು, ಕಥೆಯ ಸರಯೂ ನದಿಯಲ್ಲಿ ವಾಟರ್ ಸ್ಲೈಡ್ ಬಿಟ್ಟು, ಭವ್ಯ ಮಾಲ್ಗುಡಿಯನ್ನು ಕಟ್ಟಲು ಹೊರಟರೆ ಮಾತ್ರ ಮೊದಲು ‘ಮಿಸ್ಟರ್ ಸಂಪತ್’ ಓದಲಿ. ಅದರಲ್ಲಿ ಆಡಂಬರದ ಸಿನಿಮಾ ಸಾಹಸವೊಂದು ಕಣ್ಣೆದುರೇ ನೆಲಕಚ್ಚುತ್ತದೆ. ಆಮೇಲೆ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ ಓದಲಿ. ಅದರಲ್ಲಿ ಠೇವಣಿದಾರರೆಲ್ಲ ಒಟ್ಟಿಗೆ ಮುಗಿಬಿದ್ದು ಮಾರ್ಗಯ್ಯನ ವ್ಯವಹಾರ ಮುಳುಗುತ್ತದೆ, ಅವನಿಗೆ ಮತ್ತೆ ಹಳೆಯ ಆಲದ ಮರದಡಿಯ ಜಾಗವೇ ನೆನಪಾಗುತ್ತದೆ. ಆ ಮರದಡಿ ಕೂರಲು ಟಿಕೆಟ್ ಇಲ್ಲವಾದ್ದರಿಂದ ಅದು ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.